ಬೋರಯ್ಯ ಮೇಷ್ಟ್ರ ಮೂತಿ

ಬೋರಯ್ಯ ಮೇಷ್ಟ್ರು ಹೊಡೆಯುತ್ತಿರಲಿಲ್ಲ, ಬರೆಯುತ್ತಿದ್ದರು. ಹೊಡೆದಿದ್ದರೇ ಎಷ್ಟೋ ಚೆನ್ನಾಗಿತ್ತು. ಬಾಸುಂಡೆಯಾದರೆ ನಾಲ್ಕು ದಿನಕ್ಕೆ ಇಳಿಯುತ್ತಿತ್ತು.

ದುದ್ದದ ಕಡೆಯ ನಮ್ಮೂರ ಹೈಸ್ಕೂಲಿಗೆ ಅವರು ಡ್ರಾಯಿಂಗ್ ಮೇಷ್ಟ್ರು. ಆ ಪೀರಿಯಡ್ಡಿಗೆಂದೇ ನಾವು ರಸ್ತೆ ತಿರುವಿನಲ್ಲಿ ನಿಧಾನವಾಗುವ ಲಾರಿಗಳಿಂದ ಕಬ್ಬಿನ ಜಲ್ಲೆ ಎಳೆದು ಬೆಂಚಿನಡಿ ಇಟ್ಟುಕೊಳ್ಳುತ್ತಿದ್ದೆವು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ಸಾಕು, ಅಗಿದ ಸಿಪ್ಪೆ ಹಾರಾಡುತ್ತಿತ್ತು. ಒಬ್ಬ ಬೆಂಚಿನ ಮೇಲೆ ಕುಣಿದರೆ ಇನ್ನೊಬ್ಬ ಕಿಟಕಿ ಹಾರಿ ಮನೆಗೇ ಹೋಗುತ್ತಿದ್ದ. ಮೇಷ್ಟ್ರು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಬೋರ್ಡಿನ ತುಂಬ ನಮ್ಮ ಕ್ಲಾಸನ್ನೇ ಬರೆದು, ಒಬ್ಬೊಬ್ಬರ ಮೂತಿಯನ್ನೂ ಗುರುತು ಸಿಗುವಂತೆ ಸೊಟ್ಟ ಮಾಡಿ, ಮೂಲೆಯಲ್ಲಿ ಇಲಿಮರಿಯಷ್ಟು ತಮ್ಮನ್ನೂ ಬರೆದುಕೊಂಡು, “ಒಂದ್ ವಾರ ಯಾರೂ ಅಳಿಸ್ಬಾರ್ದು ಕಣ್ರಲಾ” ಎಂದು ಹೋಗುತ್ತಿದ್ದರು.

ಒಂಬತ್ತನೇ ಕ್ಲಾಸಿನಲ್ಲಿ ನನ್ನ ಸರದಿ ಬಂತು. ನನಗೆ ಉಬ್ಬುಹಲ್ಲು. ಈ ಮಹಾನುಭಾವರು ನನ್ನ ಬಾಯನ್ನು ಆಲೆಮನೆಯ ಗಾಣ ಮಾಡಿದರು. ಒಂದು ಕಡೆಯಿಂದ ಜಲ್ಲೆ ಒಳಗೆ, ಇನ್ನೊಂದು ಕಡೆಯಿಂದ ಸಿಪ್ಪೆ ಹೊರಗೆ, ಕೆಳಗೆ ಕಬ್ಬಿನ ಹಾಲು ಹಿಡಿಯಲು ಕೊಪ್ಪರಿಗೆ ಬೇರೆ! ಅದೇ ವಾರ ಪೋಷಕರ ಸಭೆ. ಊರಿಗೆ ಊರೇ ನೋಡಿ ನಕ್ಕಿತು, ನಮ್ಮಪ್ಪನೂ ಸೇರಿ. ಅಂದಿನಿಂದ ನಾನು ಗಾಣದ ಸುಜಾತ. ಅವರ ಕೈ ಸೇದಿಹೋಗಲಿ ಎಂದು ಬಚ್ಚಲಲ್ಲಿ ಕೂತು ಶಾಪ ಹಾಕಿದೆ.

ಸೇಡಿಗೆಂದೇ ಚಿತ್ರ ಬರೆಯಲು ಕಲಿತೆ. ಮರುವರ್ಷ ಬೋರ್ಡಿನ ಮೇಲೆ ಅವರ ಮೂತಿ ಬರೆದು, ಅವರು ಒಳಗೆ ಬರುವುದನ್ನೇ ಕಾದೆ. ಅವರು ನಿಂತು ನೋಡಿದರು. “ಕಿವಿ ಸಣ್ದಾಯ್ತು ಕಣಮ್ಮಿ. ಸೇಡು ತೀರಿಸ್ಕಳೋರು ಇಂಗಾ ಕನಿಕರ ತೋರ್ಸೋದು?” ಎಂದು, ತಾವೇ ಸೀಮೆಸುಣ್ಣ ತೆಗೆದುಕೊಂಡು ಕಿವಿಯನ್ನು ಮೊರದಷ್ಟು ಮಾಡಿದರು. ಕ್ಲಾಸು ಮತ್ತೆ ನಕ್ಕಿದ್ದು ನನ್ನನ್ನು ನೋಡಿ.

ಹೆಸರು ಮಾತ್ರ ಬಿಟ್ಟು ಹೋಗಲಿಲ್ಲ. ಹನಕೆರೆಯಿಂದ ಹೆಣ್ಣು ನೋಡಲು ಬಂದವರು, “ಗಾಣದ ಸುಜಾತ ಅಂದ್ರೆ ಇವ್ಳೇಯಾ?” ಎಂದು ಕೇಳಿ, ನನ್ನ ಹಲ್ಲನ್ನೇ ನೋಡುತ್ತ ಉಪ್ಪಿಟ್ಟು ತಿಂದು ಎದ್ದು ಹೋದರು. ಆಮೇಲೆ ಮದ್ದೂರಿನವರು ಒಪ್ಪಿದರೆನ್ನಿ. ಆದರೆ ಆ ಉಪ್ಪಿಟ್ಟಿನ ತಟ್ಟೆ ತೊಳೆಯುವಾಗ ಉರಿದ ಹೊಟ್ಟೆ ಆರಲೇ ಇಲ್ಲ.

ಹೋದ ವರ್ಷ, ಮೇಷ್ಟ್ರಿಗೆ ಲಕ್ವ ಹೊಡೆದಿದೆ, ಮಳವಳ್ಳಿಯ ಮನೆಯಲ್ಲಿದ್ದಾರೆ ಎಂದು ತಿಳಿಯಿತು. ಹಣ್ಣಿನ ಚೀಲದ ಜೊತೆ ಡ್ರಾಯಿಂಗ್ ಹಾಳೆ ಇಟ್ಟುಕೊಂಡು ಹೋದೆ. ಕರುಣೆಯಿಂದಲ್ಲ, ಸುಳ್ಳೇಕೆ ಹೇಳಲಿ? ಅವರ ಬಾಯಿ ಎಡಕ್ಕೆ ಎಳೆದುಕೊಂಡಿತ್ತು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಬಚ್ಚಲಲ್ಲಿ ಕೂತು ಹಾಕಿದ ಶಾಪ ನೆನಪಾಯಿತು. ಆದರೂ ಬಿಡಲಿಲ್ಲ. ಎದುರಿಗೇ ಕೂತು, ಸೊಟ್ಟ ಬಾಯನ್ನು ಇನ್ನಷ್ಟು ಸೊಟ್ಟ ಮಾಡಿ, ಜೊಲ್ಲು ಸುರಿಸಿ ಬರೆದೆ. “ಈಗ ನೋಡ್ಕಳಿ ಸಾ” ಎಂದು ಮುಖದ ಮುಂದೆ ಹಿಡಿದೆ.

ಅವರ ಹೆಂಡತಿ ಮುಖ ತಿರುಗಿಸಿಕೊಂಡರು. ಮೇಷ್ಟ್ರು ಎಡಗೈಯಲ್ಲಿ ಹಾಳೆ ಹಿಡಿದು ನೋಡಿ, ತೊದಲುತ್ತ, “ಈಗ ಸರ್ಯಾಗ್ ಬಂತು ಕಣಮ್ಮಿ. ಇಲ್ಲೇ ಬುಟ್ಟೋಗು” ಎಂದರು. ಗೆದ್ದೆ ಎಂದುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆ.

ಎರಡು ತಿಂಗಳಿಗೆ ಅವರು ಹೋದರು. ತಿಥಿಗೆ ಹೋದಾಗ ನಮ್ಮ ಹಳೆಯ ಕ್ಲಾಸಿನವರೆಲ್ಲ ಬಂದು ನಡುಮನೆಯಲ್ಲಿ ನಿಂತಿದ್ದರು. ಎಡೆಯ ಮುಂದೆ ಗೋಡೆಗೊರಗಿಸಿದ್ದು ಫೋಟೋ ಅಲ್ಲ. ಕಟ್ಟು ಹಾಕಿಸಿದ ನನ್ನ ಚಿತ್ರ. ಅದೇ ಸೊಟ್ಟ ಬಾಯಿ, ಅದೇ ಜೊಲ್ಲು. ಒಬ್ಬರೂ ನಗುತ್ತಿರಲಿಲ್ಲ.

ಅವರ ಹೆಂಡತಿ ಹೂವಿನ ತಟ್ಟೆಯನ್ನು ನನ್ನ ಮುಂದೆ ಹಿಡಿದರು. “ಪೋಟೋ ಇಕ್ಕಬ್ಯಾಡಿ, ಇದ್ನೇ ಇಕ್ಕಿ ಅಂತ ಯೋಳೋಗವ್ರೆ. ಮೊದ್ಲು ಊವ ನಿನ್ನ ಕೈಲೇ ಆಕಿಸ್ಬೇಕಂತೆ. ಆಗ್ಲಿಂದ ನಿನಗೇ ಕಾಯ್ತಾ ಇದ್ದೀವಿ, ಆಕವ್ವಾ.”

ನಾನು ಸುರಿಸಿದ ಜೊಲ್ಲಿನ ಮೇಲೆ ನಾನೇ ಹೂವಿಟ್ಟು, ಎಲ್ಲರೆದುರು ಅಡ್ಡಬಿದ್ದೆ. ಇದಕ್ಕೂ ಸೇಡು ತೀರಿಸಿಕೊಳ್ಳೋಣವೆಂದರೆ ಆ ಮನುಷ್ಯನೇ ಇಲ್ಲ.