ಗೋಲ್ಡನ್ ಗೇಟ್ ಎದುರಿನ ಬುತ್ತಿ

ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದ ಹುಬ್ಬಳ್ಳಿಯ ಅಕ್ಕನಿಗೆ ಅಮೆರಿಕದ ಹೆಸರಾಂತ ಜಾಗಗಳನ್ನೆಲ್ಲ ನೋಡಿಯೇ ತೀರುವ ಹಟ. ಅವರಿಗೆ ಬರೀ ಫೋಟೋ ಸಾಲದು. ‘ಎದುರಿಗೆ ಕುಂತು ರೊಟ್ಟಿ ಉಂಡ್ರನ ನೋಡಿದಂಗ’ ಎನ್ನುತ್ತಿದ್ದರು. ಲಿಬರ್ಟಿ ಪ್ರತಿಮೆಯ ಮುಂದೆ, ಗ್ರ್ಯಾಂಡ್ ಕ್ಯಾನ್ಯನ್ ಅಂಚಿನಲ್ಲಿ ಬುತ್ತಿ ಬಿಚ್ಚಿದ್ದಾಗಿತ್ತು. ಮನೆಗೆ ಹತ್ತಿರದ ಗೋಲ್ಡನ್ ಗೇಟ್ ಸೇತುವೆ ಮಾತ್ರ ಹೋದಾಗಲೆಲ್ಲ ಮಂಜಿನಲ್ಲಿ ಅಡಗಿ, ಬುತ್ತಿ ಹಾಗೇ ವಾಪಸು ಬರುತ್ತಿತ್ತು.

ಅವರು ಟೆಕ್ಸಸ್‌ಗೆ ಮನೆ ಬದಲಿಸುವ ಹಿಂದಿನ ದಿನ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಅಂದೂ ಮಂಜು.

‘ಏನೂ ಕಾಣ್ತಿಲ್ಲ ಅಕ್ಕಾ, ಹೋಗೋಣ್ವಾ?’ ಎಂದೆ.

‘ಕೂಡ್ರಿ ಸುಮ್ನ’ ಎಂದು ದಡದಲ್ಲಿ ಚಾದರ ಹಾಸಿದರು. ಗಂಟು ಬಿಚ್ಚದೆ ಕಾದರು. ಮಧ್ಯಾಹ್ನ ಕಳೆದ ಮೇಲೆ ಮಂಜು ಹರಿದು, ಸೇತುವೆಯ ಕೆಂಪು ಗೋಪುರ ತುದಿಯಿಂದ ಬುಡದವರೆಗೆ ಎದ್ದು ನಿಂತಿತು. ಅಕ್ಕನೂ ಎದ್ದು, ಎರಡೂ ಕೈ ಬೀಸಿ ಕೂಗಿದರು:

‘ಬಾರಪಾ ಬಾ! ನಿನ್ನ ಸಲುವಾಗಿ ಇನ್ನೆಷ್ಟ ಸಲ ರೊಟ್ಟಿ ಬಡೀಬೇಕೋ ನಾ?’