ಎರ್ರಿಸ್ವಾಮಿ ಓಡಬೇಕಾಗಿರಲಿಲ್ಲ

ನಾಗರತ್ನಾ, ಎರ್ರಿಸ್ವಾಮಿ ತಡವಾಗಿ ಬಂದದ್ದಕ್ಕೇ ನಮ್ಮ ಮಗಳು ಪಲ್ಲವಿಯ ಕೊನೆಯ ಹೊತ್ತಿಗೆ ನಾನು ಆಸ್ಪತ್ರೆಗೆ ಬರಲಾಗಲಿಲ್ಲ ಎಂದು ಆರು ವರ್ಷದಿಂದ ಹೇಳುತ್ತಾ ಬಂದಿದ್ದೇನಲ್ಲ — ಅದು ಸುಳ್ಳು. ನಾನು ಬರಬಹುದಿತ್ತು. ಬರಲಿಲ್ಲ.

ಆ ದಿನ ನನ್ನದು ಬೆಳಗಿನ ಶಿಫ್ಟ್, ಆರರಿಂದ ಎರಡು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ನನ್ನ ಕೆಲಸ ನಿನಗೆ ಗೊತ್ತೇ ಇದೆ, ಅದಿರು ಸಾಗುವ ಬೆಲ್ಟ್ ಕಾಯುವುದು. ಮುಂದಿನ ಪಾಳಿಯವನು ಬಂದು ನಿಲ್ಲುವ ತನಕ ಜಾಗ ಬಿಡುವಂತಿಲ್ಲ. ಆ ಪಾಳಿ ಪಕ್ಕದ ವಡ್ಡು ಊರಿನ ಎರ್ರಿಸ್ವಾಮಿಯದು. ಇಷ್ಟನ್ನು ನಿನಗೆ ಹೇಳಿದ್ದೆ. ಹೇಳದೆ ಉಳಿಸಿಕೊಂಡದ್ದು ಇದು — ಹತ್ತೂವರೆಗೆ, ಕೂಸಿಗೆ ಜಾಸ್ತಿಯಾಗಿದೆ ಬೇಗ ಬಾ ಎಂದು ನಿನ್ನ ಫೋನ್ ಬಂದ ಮೇಲೆ ನನ್ನ ಮುಖ ನೋಡಿ ಸೂಪರ್‌ವೈಸರ್ ಏನಾಯಿತೆಂದು ಕೇಳಿದರು. ಹೇಳಿದೆ.

"ಹೋಗಪಾ, ಜಲ್ದಿ ಹೋಗು. ನಿನ್ನ ಜಾಗದಾಗ ನಾ ನಿಂದರ್ತೀನಿ" ಅಂದರು.

"ಬ್ಯಾಡ ಸರ, ಎರಡಕ್ಕ ಎರ್ರಿಸ್ವಾಮಿ ಬರ್ತಾನ" ಅಂದೆ ನಾನು.

ಯಾಕೆ ಅಂದೆ? ಹಿಂದಿನ ದಿನ ನೀನು ಗಂಜಿ ತರಲು ಹೋಗಿದ್ದಾಗ ಪಲ್ಲವಿ ನನ್ನ ಬೆರಳು ಹಿಡಿದು ಕೇಳಿದ್ದಳು, "ಅಪ್ಪಾ, ನಾ ಸಾಯ್ತೀನೇನು?" ನಾನು ಬೆರಳು ಬಿಡಿಸಿಕೊಂಡು ಎದ್ದು ಹೊರಗೆ ಹೋದೆ. ಮತ್ತೆ ಹೋದರೆ ಮತ್ತೆ ಕೇಳುತ್ತಾಳೆ — ಒಂಬತ್ತು ವರ್ಷದ ಕೂಸಿಗೆ, ಹೆತ್ತ ಮಗಳಿಗೆ, ನಾನು ಹೆದರಿಕೊಂಡೆ.

ಎರಡು ಹೊಡೆಯಿತು. ಎರ್ರಿಸ್ವಾಮಿ ಬರಲಿಲ್ಲ. ಸೂಪರ್‌ವೈಸರ್ ಪಾಳಿ ಮುಗಿಸಿ ಹೋದರು. ನಿಜ ಹೇಳಲೇ? ನನಗೆ ನಿರಾಳವಾಯಿತು. ಥೂ ನನ್ನ ಜನ್ಮಕ್ಕೆ! ಮೂರೂವರೆಗೆ ನಿನ್ನ ತಮ್ಮನ ಫೋನ್ ಬಂತು — "ಮಾವಾ, ಪಲ್ಲವಿ..." ಅಂದವನು ಅಳತೊಡಗಿದ. ಫೋನ್ ಇನ್ನೂ ಕೈಯಲ್ಲೇ ಇತ್ತು, ಎರ್ರಿಸ್ವಾಮಿ ಏದುಸಿರು ಬಿಡುತ್ತಾ ಬಂದ. "ಬೈಕ್ ಕೆಟ್ಟಿತಣ್ಣಾ" ಅಂದ. ಅವನ ಕೊರಳಪಟ್ಟಿ ಹಿಡಿದು ಎಲ್ಲರೆದುರು ಕೂಗಿದೆ:

"ಲೇ, ನೀ ಎರಡಕ್ಕ ಬಂದಿದ್ರ ನನ್ನ ಮಗಳ ಮಾರಿ ನೋಡ್ತಿದ್ನಲ್ಲೋ!"

ಆ ಸೂಪರ್‌ವೈಸರ್ ಕೆಲವೇ ದಿನದಲ್ಲಿ ಕೆಲಸ ಬಿಟ್ಟು ತಮ್ಮ ಊರಿಗೆ ಹೋದರು. ನಿಜ ಬಲ್ಲವನು ನಾನೊಬ್ಬನೇ ಉಳಿದೆ.

ನನ್ನ ಆ ಮಾತೇ ಎರ್ರಿಸ್ವಾಮಿಯನ್ನು ಓಡಿಸಿತು. ಮರುವರ್ಷ ಹೊಸಪೇಟೆಯಲ್ಲಿ, ನಮ್ಮ ಕೂಸನ್ನು ಒಯ್ದ ಆ ಕ್ಯಾನ್ಸರಿನ ಸಂಶೋಧನೆಗೆಂದು ಓಟ ಇಟ್ಟಾಗ — ಕಮಲಾಪುರದ ಮೇಲೆ ಹಂಪಿಗೆ ಹೋಗಿ ಬರುವುದು, ಎಲ್ಲರೂ ಮ್ಯಾರಥಾನ್ ಅನ್ನುತ್ತಾರೆ — ಶಾಲೆಯಲ್ಲೂ ಓಡಿ ಗೊತ್ತಿಲ್ಲದ ಆ ಮನುಷ್ಯ ಎದೆಯ ಮೇಲೆ ನಮ್ಮ ಪಲ್ಲವಿಯ ಹೆಸರು ಬರೆಸಿಕೊಂಡು ಓಡಿದ. ಪ್ರತಿ ವರ್ಷವೂ ಓಡಿದ. ಓಡಿ ಬಂದು, ಬಾತ ಮೊಣಕಾಲಿನಲ್ಲಿ ನಿನ್ನ ಮುಂದೆ ಕೈಮುಗಿದು ನಿಲ್ಲುತ್ತಿದ್ದ. ನೀನು ಮುಖ ತಿರುಗಿಸುತ್ತಿದ್ದೆ. ನಡುವೆ ನಾನು, ನೀರಿನ ಬಾಟಲಿ ಹಿಡಿದು. ಮಗಳ ತಂದೆ ಎಂದು ನನ್ನನ್ನು ವೇದಿಕೆಗೆ ಕರೆದು ಬಾವುಟ ಬೀಸಿಸುತ್ತಿದ್ದರು. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನ ಗತಿ ನನ್ನದು — ನುಂಗಲಾರೆ, ಉಗುಳಲಾರೆ.

ಒಮ್ಮೆ ಕ್ಯಾಂಟೀನಿನಲ್ಲಿ ಅವನೇ ಕೇಳಿದ, "ಅಣ್ಣಾ, ಅಕ್ಕ ಒಂದ್ ಸಲ ಬೈದ್ರೂ ಸಾಕಿತ್ತು. ಮಾತೇ ಆಡವಲ್ರು." ನಾನು ಚಹಾ ಕುಡಿದು, "ಕಾಲ ಬರ್ತೈತಿ ಬಿಡೋ" ಅಂದೆ.

ಬಂತು. ಮೊನ್ನೆ ಭಾನುವಾರ ಅವನು ಕಮಲಾಪುರದ ಹತ್ತಿರ ಬಿದ್ದು, ಎದ್ದು, ರಕ್ತ ಸುರಿಯುವ ಕಾಲಿನಲ್ಲೇ ಓಟ ಮುಗಿಸಿದ. ನೀನೇ ಎದ್ದು ಅವನ ಹತ್ತಿರ ಹೋದೆ. "ಸಾಕು ಬಿಡಪಾ ತಮ್ಮಾ, ಇನ್ನ ಓಡಬ್ಯಾಡ. ನನ್ನ ಮನಸಿನಾಗ ಏನೂ ಇಲ್ಲ" ಅಂದೆ. ಅವನು ರಸ್ತೆಯಲ್ಲೇ ಕುಕ್ಕರಿಸಿ ಅತ್ತ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮನೆಗೆ ಬಂದ ಮೇಲೆ ನೀನು ಮೊದಲ ಸಲ ಹೇಳಿದೆ — ಪಲ್ಲವಿ ಕೊನೆಯ ತನಕ ನನ್ನನ್ನೇ ಕೇಳುತ್ತಿದ್ದಳಂತೆ. ನೀನು ಅವಳಿಗೆ, "ಅಪ್ಪಗ ಬಿಡವಲ್ರು ಕೂಸ, ಬಿಟ್ಟ ಕೂಡ್ಲೆ ಬರ್ತಾನ" ಅಂದಿದ್ದೆಯಂತೆ. ಮಗಳಿಗೆ ನೀನು ಆಡಿದ ಕೊನೆಯ ಮಾತು ಅದು. ಅದನ್ನು ನಾನು ಸುಳ್ಳು ಮಾಡಿದೆ.

ಮಂಗಳವಾರ ವಡ್ಡಿಗೆ ಹೋಗಿ ಎರ್ರಿಸ್ವಾಮಿಗೆ ಎಲ್ಲ ಹೇಳಿದೆ. ಹೊಡೆಯುತ್ತಾನೆ ಅಂದುಕೊಂಡಿದ್ದೆ. ಮೊಣಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದವನು ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟ. ಆಮೇಲೆ, "ಅಕ್ಕಗ ಹೇಳಬ್ಯಾಡಣ್ಣಾ. ಈಗರೆ ಒಂದೀಟು ಹಗುರಾಗ್ಯಾರ. ನನಗ ಈ ಭಾರ ಹೊತ್ತು ರೂಢಿ ಆಗೇತಿ" ಅಂದ.

ಅವನ ಕಾಲು ಹಿಡಿಯಬೇಕಿತ್ತು. ನಾನು "ಆತು" ಅಂದೆ. ಬಸ್ಸು ಹತ್ತಿ ಬಂದು ನೀನು ಬಡಿಸಿದ ರೊಟ್ಟಿ ತಿಂದೆ. ಎರಡು ದಿನ ಆ "ಆತು"ವಿನ ಮೇಲೆ ಹಾಯಾಗಿಯೇ ಇದ್ದೆ — ಇದೂ ನಿನಗೆ ಗೊತ್ತಿರಲಿ.

ಕ್ಷಮೆ ಕೇಳುತ್ತಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತಿದ್ದೇನೆ. ಓದಿ ಮುಗಿಸಿ ಬಾ. ಏನು ಬೇಕಾದರೂ ಕೇಳು. ಈ ಸಲ ಎದ್ದು ಹೋಗುವುದಿಲ್ಲ.