ಅಕ್ಕನ ಸ್ಕೂಟರ್, ನನ್ನ ತಲಕಟ್ಟು

ಒಂದು ಕಡೆ ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಬಳ್ಳಾರಿಯ ಗಾಂಧಿನಗರದಲ್ಲಿ ಕೋಣೆ ಹಿಡಿದು ಅಂಗಡಿಯವರಿಗೆ, ಆಸ್ಪತ್ರೆಯವರಿಗೆ ವೆಬ್‌ಸೈಟು ಮಾಡಿಕೊಡುತ್ತೇನೆ. ಒಂದು ಸಾಲು ಕೂಡಿಸುವಷ್ಟರಲ್ಲಿ ಹತ್ತಾರು ಸಲ ಎದ್ದು ಓಡಾಡಿರುತ್ತೇನೆ. ಅಕ್ಕನ ಪುಟ ಮಾಡುವಾಗಲಂತೂ ಮೈಮೇಲೆ ಇರುವೆ ಬಿಟ್ಟ ಹಾಗಿತ್ತು.

ಅಕ್ಕ ಇರುವುದು ಕುರುಗೋಡಿನಲ್ಲಿ. ಬಳ್ಳಾರಿಯ ಜೀನ್ಸ್ ಕಾರ್ಖಾನೆಗೆ ದಿನಾ ಬೆಳಗಿನ ಬಸ್ಸಿಗೆ ಜೋತುಬಿದ್ದು ಬರುತ್ತಿದ್ದವಳು, ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ಹೆಂಗಸರಿಗೆ ಸ್ಕೂಟರ್ ಕಲಿಸುತ್ತೇನೆ ಎಂದು ನಿಂತಳು. ಭಾವ ಬೇಡ ಅನ್ನಲಿಲ್ಲ, ದಸರಾ ತನಕ ನೋಡು ಅಂದರು. ಅಷ್ಟರಲ್ಲಿ ಯಾರೂ ಬರದಿದ್ದರೆ ಮತ್ತೆ ಅದೇ ಹೊಲಿಗೆ ಮಷೀನು, ಅದೇ ನೀಲಿ ಧೂಳು.

"ಲೇ, ಎರಡ ಮಾತು ಬರಿ ಸಾಕು" ಅಂದಳು ಫೋನಿನಲ್ಲಿ. "ಹೆಂಗಸರಿಗೆ ಸ್ಕೂಟರ್ ಕಲಿಸ್ತೀವಿ. ಕಲಿಸೋರೂ ಹೆಂಗಸರ."

ಎರಡು ಮಾತು ಬರೆದು ಸುಮ್ಮನಾಗುವವನೇ ನಾನು? ಮೊದಲ ಸಾಲಿನ ಅಕ್ಷರಗಳನ್ನು ಕೈಯಾರೆ ಬಿಡಿಸಿದೆ. ಅಕ್ಷರದ ನೆತ್ತಿಯ ಮೇಲಿನ ಗೀಟು, ಅಂದರೆ ತಲಕಟ್ಟನ್ನು, ಸ್ಕೂಟರಿನ ಹ್ಯಾಂಡಲ್ಲಿನ ಹಾಗೆ ಬಾಗಿಸಿ ತುದಿಯನ್ನು ಮೇಲಕ್ಕೆತ್ತಿದೆ. ಎರಡನೆಯ ಸಾಲು ಆ ಅಂದವನ್ನೆಲ್ಲ ಕೆಡಿಸುತ್ತಿತ್ತು. ಅದನ್ನು ಪುಟದ ಕೊನೆಗೆ ತಳ್ಳಿ, ತಿಳಿಬೂದು ಬಣ್ಣದಲ್ಲಿ ಸಣ್ಣದಾಗಿ ಇಟ್ಟೆ. ಬ್ರೂಸ್‌ಪೇಟೆಯಲ್ಲಿ ಪ್ರಿಂಟಿಂಗ್ ಅಂಗಡಿ ಇಟ್ಟಿರುವ ಗೆಳೆಯ ನೋಡಿ, "ಭಾರಿ ಬರದೀಯಲೇ!" ಅಂದ. ಉಬ್ಬಿಹೋದೆ.

ಅಕ್ಕ ಅದನ್ನು ಕುರುಗೋಡು, ಸಿರುಗುಪ್ಪದ ಹೆಂಗಸರ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದಳು. ಒಂದು ಫೋನೂ ಬರಲಿಲ್ಲ. ನಾನು ಬಣ್ಣ ಬದಲಿಸಿದೆ, ಚಿತ್ರ ಬದಲಿಸಿದೆ, ಊಟದ ನಡುವೆ ಎದ್ದು ಹೋಗಿ ಮತ್ತೆ ಬದಲಿಸಿದೆ. ದಸರಾ ಹತ್ತಿರ ಬಂದಾಗ ಅಕ್ಕನೇ ಹೇಳಿದಳು: "ಸೋಮವಾರದಿಂದ ಬರ್ತೀನಿ ಅಂತ ಕಾರ್ಖಾನಿಯವರಿಗೆ ಹೇಳೀನಿ ತಮ್ಮಾ." ಬೈದಿದ್ದರೂ ಚೆನ್ನಾಗಿತ್ತು. ಭಾನುವಾರ ಕುರುಗೋಡಿನ ಬಸ್ಸು ಹತ್ತಿದೆ.

ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅದೇ ಪುಟವನ್ನು ದಿಟ್ಟಿಸುತ್ತಿದ್ದೆ. ಪಕ್ಕದ ಸೀಟಿನ ಹೆಂಗಸು ಇಣುಕಿ, "ಇದು ನನ್ನ ಫೋನಿಗೂ ಬಂದಿತ್ತು" ಅಂದಳು. ಕುರುಗೋಡಿನವಳೇ, ಬಳ್ಳಾರಿಯಿಂದ ಮನೆಗೆ ಹೊರಟವಳು.

"ಮತ್ತ ಫೋನ್ ಮಾಡಲಿಲ್ಲೇನ್ರಿ?"

"ತೆಲುಗು ಐತಲ್ಲ ತಮ್ಮಾ. ಮಾತಾಡಾಕ ಬರ್ತೈತಿ, ಓದಾಕ ಬರಂಗಿಲ್ಲ. ಸಿರುಗುಪ್ಪದಾಗ ನಮ್ಮ ತಂಗಿನೂ ಆಂಧ್ರದ ಆದೋನಿ ಕಡಿಯವರದು ಇರಬೇಕು ಅಂದ್ಲು."

"ಕನ್ನಡಾನ ರೀ ಅದು!" ಎಂದು ಕೂಗಿಬಿಟ್ಟೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಆಮೇಲೆ ನಾನೂ ನೋಡಿದೆ. ತಲಕಟ್ಟಿನ ತುದಿ ಹಾಗೆ ಮೇಲಕ್ಕೆದ್ದರೆ ಅದು ತೆಲುಗಿನ ಅಕ್ಷರ. ಎರಡೂ ಲಿಪಿಯ ಬೋರ್ಡುಗಳ ಕೆಳಗೇ ಬೆಳೆದ ನನಗೆ ಇದು ಕಂಡಿರಲಿಲ್ಲ. ಅಕ್ಕನಿಗೂ ಕಂಡಿರಲಿಲ್ಲ; ತಾನೇ ಹೇಳಿದ ಮಾತಾದ್ದರಿಂದ ಅವಳು ಓದುವ ಗೋಜಿಗೇ ಹೋಗಿರಲಿಲ್ಲ.

ಬಸ್ಸಿನಲ್ಲೇ ಅಷ್ಟನ್ನೂ ಅಳಿಸಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಅಷ್ಟು ಚಂದದ ಅಕ್ಷರ ನನ್ನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಶಾಲೆಯ ಪುಸ್ತಕದಂಥ ಸಾದಾ ಅಕ್ಷರದಲ್ಲಿ ಎರಡೂ ಸಾಲನ್ನು ಒಂದೇ ಅಳತೆಗೆ, ಕಪ್ಪಗೆ, ಮೇಲೆಯೇ ಕೂರಿಸಿದೆ. ಪಕ್ಕದ ಹೆಂಗಸು ಬಾಯಿಬಿಟ್ಟು ಓದಿದಳು. ಎರಡನೆಯ ಸಾಲಿಗೆ ನಿಂತಳು.

"ಕಲಿಸೋರೂ ಹೆಂಗಸರೇನು? ಇದನ್ನ ಮೊದಲ ಹೇಳಬಾರದೇನಪ್ಪ!"

ಕಲಿಸುವವಳು ನನ್ನ ಅಕ್ಕನೇ ಎಂದು ಹೇಳಿದೆ. ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ನನ್ನನ್ನು ಕರೆದೊಯ್ಯಲು ಸ್ಕೂಟರ್ ತಂದಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಆ ಹೆಂಗಸು ಅವಳ ಮುಂದೆ ಹೋಗಿ ನಿಂತಳು.

"ನನಗ ಸೈಕಲ್ಲೂ ಬರಂಗಿಲ್ಲವ್ವ. ಕಲಿಸ್ತಿಯೇನು?"

ಅಕ್ಕ ನನ್ನ ಮುಖ ನೋಡಿದಳು, ಅವಳ ಮುಖ ನೋಡಿದಳು. "ಕೂಡ್ರಿ" ಎಂದು ಹಿಂದಿನ ಸೀಟು ಒರೆಸಿದಳು. ಗಾಡಿ ಚಾಲೂ ಮಾಡಿ ನನಗೆ ಹೇಳಿದಳು: "ನೀ ನಡಕೊಂಡು ಬಾ. ಹಂಗ ಕಾರ್ಖಾನಿಗೆ ಫೋನ್ ಮಾಡಿ, ನಮ್ಮಕ್ಕ ನಾಳೆ ಬರಂಗಿಲ್ಲ ಅಂತ ಹೇಳಿಬಿಡು."